ಅಸ್ತರ್ ಒಣಗುವ ತನಕ

ಮೊನ್ನೆ, ಕಾಶಿಯಲ್ಲಿ ನಮ್ಮ ಎದುರು ಮನೆಯ ಹುಡುಗಿಯಾಗಿದ್ದ ಮುನ್ನಿ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು, "ಚಾಚೀ, ಅಪ್ಪ ಹೋದ್ರು" ಅಂದಳು. ನಂಜನಗೂಡಿನ ಅವಳ ಮನೆಯಲ್ಲೇ ಅಂತೆ. ಊಟಕ್ಕೆ ಕೂತಿದ್ದರಂತೆ, ಇವಳು ಒಳಗಿಂದ ಸಾರು ತರುವಷ್ಟರಲ್ಲಿ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರಂತೆ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಲ್ಲ, ಸಾರು ಬರುವ ತನಕವಾದರೂ ಕಾಯಬಾರದಿತ್ತೇ ಈ ಮನುಷ್ಯ!

ಅವಳು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲು ಉಕ್ಕಿಸಿದೆ. ಬಟ್ಟೆ ಒಣಹಾಕಲು ಮಾಳಿಗೆ ಹತ್ತಿ, ಬಕೆಟ್ಟು ಕೆಳಗೇ ಇದೆ ಅಂತ ನೆನಪಾಗಿ ಇಳಿದೆ. ಅವಳ ಅಪ್ಪನ ಗಾಳಿ ನನಗೂ ಬಡಿದಿದೆ ಅಂತ ಕಾಣುತ್ತದೆ. ಬರೆದು ಮುಗಿಸಿದರೆ ಕೈಕಾಲು ಒಂದು ಕಡೆ ನಿಂತಾವು ಅಂತ ಈಗ ಕೂತಿದ್ದೇನೆ.

ನಮ್ಮವರಿಗೆ ಬ್ಯಾಂಕಿನಿಂದ ಕಾಶಿಗೆ ವರ್ಗವಾದದ್ದು ಎಪ್ಪತ್ತರ ದಶಕದಲ್ಲಿ. ದಾವಣಗೆರೆಯಲ್ಲಿ ಬಂಧುಬಳಗದವರೆಲ್ಲ, "ಏನು ಪುಣ್ಯ ಮಾಡಿದ್ಯೇ, ಮುದುಕರಾದ ಮೇಲೆ ಹೋಗೋ ಊರಿಗೆ ಈಗಲೇ ಹೊರಟೆ" ಅಂತ ಹರಸಿದರು. ಪುಣ್ಯ ಮಾಡಿದವಳು ಬಂದಿಳಿದದ್ದು ಗೋದೌಲಿಯಾದ ಹಿಂದಿನ ಒಂದು ಗಲ್ಲಿಗೆ, ಎಮ್ಮೆ ಎದುರಾದರೆ ಮನುಷ್ಯರು ಗೋಡೆಗೆ ಅಂಟಿಕೊಳ್ಳಬೇಕು ಅಂಥ ಗಲ್ಲಿ. ಮೇಲಿನ ಮಹಡಿಯಲ್ಲಿ ಎರಡು ಸಂಸಾರ, ಎದುರು ಬದರು ಬಾಗಿಲು. ನಾವು ಟ್ರಂಕು ಇಳಿಸುತ್ತಿದ್ದ ಹಾಗೆಯೇ ಎದುರು ಬಾಗಿಲಿನಿಂದ ಒಬ್ಬರು ಹಾರಿಕೊಂಡು ಬಂದರು. "ಕನ್ನಡದವರೇನ್ರೀ? ಆತು ಬಿಡ್ರಿ!" ಅಂದವರೇ ಟ್ರಂಕನ್ನು ಎತ್ತಿ ಒಳಗಿಟ್ಟು, ನಾವು ನಮಸ್ಕಾರ ಅನ್ನುವಷ್ಟರಲ್ಲಿ ಮೆಟ್ಟಿಲು ಇಳಿದು ಹೋಗಿಯೇಬಿಟ್ಟರು. ಹಿಂದೆಯೇ ಬಂದ ಅವರ ಹೆಂಡತಿ, "ಅವರು ಹಾಗೇನಮ್ಮಾ, ಬೇಜಾರು ಮಾಡ್ಕೋಬೇಡಿ. ಬನ್ನಿ, ಕಾಫಿ ಕುಡಿಯೋರಂತೆ" ಅಂದರು.

ಅವರು ಹುಬ್ಬಳ್ಳಿ ಕಡೆಯವರು. ಊರಾಚೆ ಇದ್ದ ರೈಲು ಎಂಜಿನ್ನಿನ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮೇಲ್ವಿಚಾರಕರು. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದವರು, ಮೈಸೂರಿನವರು, ಅವರ ತಂದೆ ರೈಲ್ವೆ ಗಾರ್ಡಾಗಿ ಹುಬ್ಬಳ್ಳಿಯಲ್ಲಿದ್ದಾಗ ಈ ಸಂಬಂಧ ಕೂಡಿಬಂತಂತೆ. ಗಲ್ಲಿಯವರು ಅವರನ್ನು ರಂಗ್ ಬಾಬು ಅನ್ನುತ್ತಿದ್ದರು, ನಾನು ಅಣ್ಣಾರೆ ಅನ್ನುತ್ತಿದ್ದೆ. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಇಲ್ಲಿಯೂ ಅದರ ಅಗತ್ಯವಿಲ್ಲ.

ಅವರು ಕೂತು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಅಕ್ಕ ದೋಸೆ ಹುಯ್ದರೆ ಒಂದು ಮಗ್ಗುಲು ಬೆಂದದ್ದೇ ತಡ, "ಆತೇನು?" ಅಂತ ತಟ್ಟೆ ಮುಂದೆ ಬರುತ್ತಿತ್ತು. "ಇನ್ನೊಂದು ಕಡೆ ಬೇಯಬೇಡವೇನ್ರೀ?" ಅಂದರೆ, "ಹೊಟ್ಟ್ಯಾಗ ಬೇಯತೈತಿ ಬಿಡು" ಅನ್ನುವರು. ಗಂಗೆಯ ಆಚೆ ದಡದ ರಾಮನಗರದ ರಾಮಲೀಲೆಗೆ ಒಮ್ಮೆ ನಮ್ಮನ್ನೆಲ್ಲ ಕಟ್ಟಿಕೊಂಡು ಹೋದರು. ತಿಂಗಳಿಡೀ ನಡೆಯುವ ಲೀಲೆ ಅದು. ಇವರು ರಾಮ ಹುಟ್ಟುವ ಮೊದಲೇ ಎದ್ದು, "ಮುಂದ ಏನಾಗತೈತಿ ಅಂತ ಗೊತ್ತೈತಲ್ಲ, ಹೊಂಡೋಣು ನಡ್ರಿ" ಅಂದರು. ಗಲ್ಲಿಯ ಮಕ್ಕಳಿಗೆ ಬಂದ ಒಂದೇ ಕನ್ನಡ ಮಾತು "ಆತೇನು". ಸೈಕಲ್ಲು ಗಲ್ಲಿ ತಿರುಗಿದರೆ ಸಾಕು, "ಆತೇನು, ಆತೇನು" ಅಂತ ಕೂಗಿಕೊಂಡು ಹಿಂದೆ ಓಡುತ್ತಿದ್ದವು. ಇವರೂ ಅವಕ್ಕೆ "ಆತು, ಆತು" ಅಂತ ಜವಾಬು ಕೊಡುತ್ತಿದ್ದರು.

ಇಂಥವರಿಗೆ ದೇವರು ಎಂಥ ಹುಚ್ಚು ಹಿಡಿಸಿದ್ದ ನೋಡಿ! ಗೇಣುದ್ದ, ಬೆರಳುದ್ದದ ಗೊಂಬೆಗಳಿಗೆ ಬಣ್ಣ ಹಚ್ಚುವುದು. ಆನೆ, ಅಂಬಾರಿ, ರೈಲಿನ ಎಂಜಿನ್ನು, ಪಗಡಿ ತೊಟ್ಟ ಸಿಪಾಯಿ. ಬುಗುರಿ ಮಾಡುವ ಬಡಗಿಯ ಹತ್ತಿರ ಮರದ ತುಂಡು ಕಡೆಸಿಕೊಂಡು ಬಂದು, ಕೆತ್ತನೆ ತಾವೇ ಮಾಡಿ, ಮಾಳಿಗೆಯ ಮೇಲೆ ಬಣ್ಣ. ಕಾಶಿಯ ಆಟಿಕೆಯವರು ತಿರುಗುವ ಮರಕ್ಕೆ ಅರಗು ಒತ್ತಿ ಹೊಳಪು ತರುತ್ತಾರಲ್ಲ, ಅದು ಇವರಿಗೆ ಸೇರದು. "ಬುಗುರಿಗೆ ಅದು ಛಲೋ. ಮೂಗು ಕಣ್ಣು ಇದ್ದದ್ದಕ್ಕ ಅಸ್ತರ್ ಬೇಕು, ತಂಗೆವ್ವ" ಅನ್ನುತ್ತಿದ್ದರು.

ಅಸ್ತರ್ ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ತಳದ ಲೇಪ. ಕಾರ್ಖಾನೆಯ ಸಾಹೇಬರ ಬಾಯಲ್ಲಿ ಪ್ರೈಮರ್, ಕೂಲಿಯವರ ಬಾಯಲ್ಲಿ ಅಸ್ತರ್. ಅದರ ವಿಷಯ ಎತ್ತಿದರೆ ಮಾತ್ರ ಅವರ ಮಾತಿಗೆ ಸ್ವಲ್ಪ ನಿಧಾನ ಬರುತ್ತಿತ್ತು. "ಕೆಂಪು ಅಸ್ತರ್ ಐತಲ್ಲ, ಅದು ಕಬ್ಬಿಣಕ್ಕ. ಅದರ ಮ್ಯಾಲ ಹಳದಿ ಹಚ್ಚಿದ್ರ ಹಳದಿ ಸತ್ತು ಹೋಗತೈತಿ. ಬಿಳೇದು ಹೊಡದ್ರ ಬಣ್ಣ ಹೊಳಿತೈತಿ ಖರೆ, ಆದ್ರ ಗೊಂಬಿ ತಪ್ಪೆಲ್ಲಾ ಮುಚ್ಚತೈತಿ. ಬೂದಿ ಬಣ್ಣದ್ದು ನೋಡು, ಒಂದು ಸಣ್ಣ ಗೆರಿ ಬಿದ್ದಿದ್ರೂ ಎತ್ತಿ ತೋರಸತೈತಿ. ನನಗ ಅದ ಬೇಕು." ಆ ಬೂದಿ ಬಣ್ಣಕ್ಕಾಗಿ ಗೋದೌಲಿಯಾದ ಅಂಗಡಿ ಅಂಗಡಿ ಸುತ್ತುವರು. ಡಬ್ಬಿಯ ಮುಚ್ಚಳ ತೆಗೆಸಿ, ಕಡ್ಡಿ ಅದ್ದಿ, ಹೆಬ್ಬೆರಳ ಉಗುರಿನ ಮೇಲೆ ಸವರಿ, ಉಫ್ ಅಂತ ಊದಿ, ಮೂಸಿ ನೋಡುವರು. ಒಬ್ಬ ಅಂಗಡಿಯವ ಇವರನ್ನು ಕಂಡ ಕೂಡಲೇ, "ರಂಗ್ ಬಾಬು, ಖರೀದಿಯೇಗಾ ಕಿ ಖಾಲಿ ಸೂಂಘಿಯೇಗಾ?" ಅನ್ನುತ್ತಿದ್ದ. ಕೊಳ್ಳುತ್ತೀರೋ, ಬರೀ ಮೂಸುತ್ತೀರೋ ಅಂತ.

ಹೊಡೆಯುವುದು ಸೊಳ್ಳೆ ಔಷಧಿಯ ಪಂಪಿನಿಂದ. ಅದರ ಮೂತಿಯ ತೂತನ್ನು ಅವರೇ ಕಿರಿದು ಮಾಡಿಕೊಂಡಿದ್ದರು. ಅಸ್ತರನ್ನು ಅಕ್ಕನ ಹಳೆಯ ವಾಯಿಲ್ ಸೀರೆಯಲ್ಲಿ ಸೋಸಿ ತುಂಬುವುದು. ಗೊಂಬೆಗೆ ಬೆರಳಿನ ಜಿಡ್ಡು ತಾಗಬಾರದು ಅಂತ ಅದನ್ನು ಒಂದು ಕೋಲಿಗೆ ಸಿಕ್ಕಿಸಿ ಹಿಡಿಯುವುದು. ಪಂಪನ್ನು ಗೊಂಬೆಯ ಮೇಲೆ ನೇರ ಶುರು ಮಾಡುವಂತಿಲ್ಲ, ಮೊದಲು ಉಗುಳುವುದು ದಪ್ಪ ಹನಿ. ಪಕ್ಕದ ಗಾಳಿಯಲ್ಲಿ ಶುರು ಮಾಡಿ, ಗೊಂಬೆಯ ಮೇಲೆ ಹಾದು, ಆಚೆಯ ಗಾಳಿಯಲ್ಲಿ ನಿಲ್ಲಿಸಬೇಕು. ಮೊದಲನೆಯ ಸಲ ಮರ ಕಾಣುತ್ತಲೇ ಇರಬೇಕು. "ವಿಭೂತಿ ಹೆಂಗ ಹಚ್ಚತೀವಿ? ಹಣೀನೂ ಕಾಣಬೇಕು, ವಿಭೂತೀನೂ ಕಾಣಬೇಕು. ಸುಣ್ಣಾ ಬಳದಂಗ ಬಳಕೊಂಡ್ರ ಅದು ಭಕ್ತಿ ಅಲ್ಲ, ನಾಟಕ." ಒಣಗಿತೋ ಇಲ್ಲವೋ ಅಂತ ಮುಟ್ಟಿ ನೋಡುವಂತಿಲ್ಲ, ಮೂಗಿನ ಹತ್ತಿರ ಹಿಡಿಯಬೇಕು. ಬಣ್ಣ ತೆಳು ಮಾಡುವ ತಿನ್ನರಿನ ವಾಸನೆ ಇದ್ದರೆ ಇನ್ನೂ ಹಸಿ. ಮಂಜಿದ್ದರೆ ಹೊಡೆಯಬಾರದು. ಮಣಿಕರ್ಣಿಕೆಯ ಚಿತೆಗಳ ಹೊಗೆ ನಮ್ಮ ಮಾಳಿಗೆಯ ಕಡೆ ತಿರುಗಿದ್ದರಂತೂ ಪಂಪು ಮುಟ್ಟಲೇಬಾರದು, ಗಾಳಿಯಲ್ಲಿ ಬೂದಿ ಬರುತ್ತದೆ.

ಇಷ್ಟೆಲ್ಲ ಬಲ್ಲವರು ಒಂದಾದರೂ ಪಾಲಿಸಿದರೇ? ಊಹೂಂ. ಹೇಳುವುದು ವೇದ, ಮಾಡುವುದು ಆತುರ. ಕಾರ್ಖಾನೆಯಲ್ಲಿ ಗಂಟೆ ಹೊಡೆಯುತ್ತದೆ, ಅಲ್ಲಿ ಎಂಜಿನ್ನು ತನ್ನ ಹೊತ್ತಿಗೆ ಒಣಗುತ್ತದೆ. ಮನೆಯಲ್ಲಿ ಇವರನ್ನು ಹಿಡಿಯುವವರು ಯಾರು? ಒಮ್ಮೆ ಕಾಶಿಯಲ್ಲೇ ಇದ್ದ ನಮ್ಮ ಕಡೆಯ ಮಠದ ಸ್ವಾಮಿಗಳು ಗೂಡಿನಲ್ಲಿಡಲು ಸಣ್ಣ ನಂದಿ ಬೇಕು ಅಂದರು. ಇವರು ಬೆಳಿಗ್ಗೆ ಹೊಡೆದು ಮಧ್ಯಾಹ್ನವೇ ಕೊಟ್ಟುಬಂದರು. ಸ್ವಾಮಿಗಳು ಕೈಗೆ ತೆಗೆದುಕೊಂಡರೆ ನಂದಿ ಅಂಗೈಗೆ ಹತ್ತಿಕೊಂಡಿತು. ಪುಣ್ಯಾತ್ಮರು ನಕ್ಕು, "ನಂದಿ ನಮ್ಮನ್ನ ಬಿಡವಲ್ದು ನೋಡ್ರಪ್ಪಾ" ಅಂದರಂತೆ. ಮಠದಲ್ಲಿ ಆ ನಂದಿಯ ಬೆನ್ನ ಮೇಲೆ ಸ್ವಾಮಿಗಳ ಹೆಬ್ಬೆಟ್ಟಿನ ಗುರುತು ನಾನೇ ಕಂಡಿದ್ದೇನೆ.

ಇವರಿಗೆ ಇದ್ದದ್ದು ಒಬ್ಬಳೇ ಮಗಳು, ಮುನ್ನಿ. ಅದು ಗಲ್ಲಿಯವರಿಟ್ಟ ಹೆಸರು, ಮನೆಯವರಿಗೂ ಅದೇ ಗಟ್ಟಿಯಾಯಿತು. ಕಾಶಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅಪ್ಪನನ್ನು ಬಾಬೂಜಿ ಅನ್ನುವಳು. ಅವಳ ಮದುವೆ ನಂಜನಗೂಡಿನ ಒಬ್ಬ ಶಾಲಾ ಮಾಸ್ತರರ ಜೊತೆ ನಿಶ್ಚಯವಾಯಿತು, ಮಾಘದಲ್ಲಿ ಮಠದಲ್ಲೇ ಲಗ್ನ ಅಂತ. ಅಕ್ಕನಿಗೆ ಹಿಗ್ಗೋ ಹಿಗ್ಗು, ಮಗಳು ತಮ್ಮ ಸೀಮೆಗೆ ಹೋಗುತ್ತಾಳಲ್ಲ. ಆಗ ಎದ್ದಿತು ಪಟ್ಟದ ಬೊಂಬೆಯ ಮಾತು.

ಮೈಸೂರು ಕಡೆ ಗೊತ್ತಲ್ಲ, ಹೆಣ್ಣುಮಕ್ಕಳ ಮದುವೆಯಲ್ಲಿ ತವರಿನವರು ರಾಜ ರಾಣಿಯ ಜೋಡಿ ಬೊಂಬೆ ಕೊಡಬೇಕು. ದಸರೆಯಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಅದೇ ಕೂರುವುದು. ಅಕ್ಕ ತಮ್ಮ ಅಣ್ಣನಿಗೆ ಹೇಳಿ ಮೈಸೂರಿನಿಂದಲೇ ತರಿಸುವವರಿದ್ದರು. ಇವರು ಕೇಳಬೇಕಲ್ಲ! "ನನ್ನ ಮಗಳಿಗೆ ಮಂದಿ ಮಾಡಿದ್ದು ಯಾಕ? ನಾ ಮಾಡತೀನಿ. ಮೈ ತುಂಬ ಬಣ್ಣಾ, ಜರತಾರಿ ಸೀರಿ, ಕೈತುಂಬ ಬಳಿ."

"ಪಟ್ಟದ ಬೊಂಬೆಗೆ ಯಾರ್ರೀ ಬಣ್ಣ ಹೊಡೀತಾರೆ? ಮರದ್ದು ಮರದ ಹಾಗೇ ಇರಬೇಕು, ಬಟ್ಟೆ ಉಡಿಸಬೇಕು" ಅಂದರು ಅಕ್ಕ.

"ನಿಮ್ಮ ಮಹಾರಾಜರ ಮನ್ಯಾಗ ಹಂಗ. ರೈಲ್ವೆದವರ ಮನ್ಯಾಗ ಹಿಂಗ."

"ಆಯ್ತು. ಆದರೆ ಹುಡುಗಿ ಹೊರಡೋ ದಿನ ಬೊಂಬೆ ಕೈಯಲ್ಲಿಲ್ಲದೆ ಇದ್ರೆ ನಾನು ಬೀಗಿತ್ತಿಗೆ ಮುಖ ತೋರಿಸೋಲ್ಲ. ಹೇಳಿದೀನಿ."

ಮೊದಲ ಜೋಡಿ ದೀಪಾವಳಿಯ ಹೊತ್ತಿಗೆ ಸಿದ್ಧವಾಯಿತು. ಕೆತ್ತನೆ ನೋಡಿದರೆ ಕಣ್ಣಿಗೆ ಹಬ್ಬ. ರಾಣಿಯ ಮೂಗಿನ ನತ್ತು ಕೂಡ ಕಾಣುತ್ತಿತ್ತು. ಅಸ್ತರ್ ಹೊಡೆದು ಅರ್ಧ ತಾಸು ಆಗಿರಲಿಕ್ಕಿಲ್ಲ, "ಆತೇನು ನೋಡೋಣು" ಅಂತ ರಾಣಿಯ ಗಲ್ಲ ಮುಟ್ಟಿದರು. ಬೆರಳ ಗುರುತು ಬಿತ್ತು. ಅದನ್ನು ಮುಚ್ಚಲು ಮತ್ತೊಂದು ಸಲ ಹೊಡೆದರು, ಅದು ಸೋರಿ ಇಳಿಯಿತು. ಇಳಿದದ್ದನ್ನು ಮುಚ್ಚಲು ಮತ್ತೊಂದು. ಸಂಜೆಗೆ ನೋಡಿದರೆ ರಾಣಿಗೆ ಮೂಗೇ ಇಲ್ಲ! ನತ್ತಂತೂ ಹೋಗಿ ಯಾವ ಕಾಲವಾಯಿತೋ. "ಹೋಗ್ಲಿ ಬಿಡ್ರಿ, ಶೂರ್ಪನಖಿ ಅಂತ ರಾಮನಗರಕ್ಕೆ ಕೊಟ್ಟುಬಿಡಿ" ಅಂತ ಅಕ್ಕ ಒಳಗೆ ಹೋದರು. ನನಗೆ ನಗು ತಡೆಯಲಾಗಲಿಲ್ಲ. ಅಣ್ಣಾರು ಮಾತ್ರ ನಗಲಿಲ್ಲ, ಮಾರನೆಯ ದಿನವೇ ಬಡಗಿಯ ಹತ್ತಿರ ಓಡಿದರು.

ಎರಡನೆಯ ಜೋಡಿಯದು ಬೇರೆಯೇ ಕತೆ. ಆ ಬೆಳಿಗ್ಗೆ ಗಾಳಿ ಉತ್ತರದಿಂದ ಬೀಸುತ್ತಿತ್ತು, ಮಣಿಕರ್ಣಿಕೆಯ ಹೊಗೆ ನಮ್ಮ ತಲೆಯ ಮೇಲೇ. ನಾನು ಹಪ್ಪಳ ಒಣಗಿಸಲು ಹೋದವಳು ಮಡಚಿಕೊಂಡು ಬಂದೆ. ಅಣ್ಣಾರು ಮಾಳಿಗೆಯ ಮೇಲೆ ಪಂಪು ಹಿಡಿದು ಆಕಾಶ ನೋಡುತ್ತ, ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. "ಇವತ್ತು ಬೇಡ ಅಣ್ಣಾರೆ, ನೀವೇ ಹೇಳ್ತೀರಲ್ಲ" ಅಂದೆ. "ಹೌದವ್ವ, ಬ್ಯಾಡ" ಅಂದರು. ನಾನು ಮೆಟ್ಟಿಲು ಇಳಿದು ಮುಗಿಸಿರಲಿಲ್ಲ, ಮೇಲೆ ಪಂಪಿನ ಸದ್ದು ಕೇಳಿಸಿತು. ಆಮೇಲೆ ತಂದು ತೋರಿಸಿದರು. ಹಸಿ ಅಸ್ತರಿನ ಮೇಲೆ ಸಣ್ಣ ಸಣ್ಣ ಬೂದಿಯ ಕಣ, ರಾಜ ರಾಣಿ ಇಬ್ಬರಿಗೂ ಸಿಡುಬು ಎದ್ದ ಹಾಗೆ.

ಅಕ್ಕ ನೋಡಿದವರು ಎರಡು ಹೆಜ್ಜೆ ಹಿಂದೆ ಸರಿದರು. "ಎಲ್ಲಿ ಬೂದಿ ಇದು?"

"ಗಾಳ್ಯಾಗ ಬಂತು."

"ಸುಡುಗಾಡಿನ ಬೂದಿ! ಮದುವೆ ಹೆಣ್ಣಿಗೆ ಕೊಡೋ ಬೊಂಬೆಗೆ!"

"ಬೂದಿ ಅಂದ್ರ ಏನ? ನಾವೇನ ಹಣಿಗೆ ಹಚ್ಚೂದಿಲ್ಲೇನು? ಶಿವಾ ಮೈತುಂಬ ಬಳಕೊಂಡಾನ."

"ಶಿವ ಬಳಕೊಳ್ಳಲಿ. ಅವನ ಮಗಳ ಮದುವೆ ಅಲ್ಲ ಇದು. ಆ ಬೂದಿ ಬೇರೆ, ಈ ಬೂದಿ ಬೇರೆ. ಮೊದಲು ಆಚೆ ತಗೊಂಡ್ಹೋಗಿ."

ಅಣ್ಣಾರು ಜೋಡಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಗಂಗೆಯ ಕಡೆ ಹೋದರು. ಬರುವಾಗ ಕೈ ಖಾಲಿ. ಆ ರಾತ್ರಿ ಊಟ ಮಾಡಲಿಲ್ಲವಂತೆ. ಅಕ್ಕನೂ ಮಾಡಲಿಲ್ಲ. ಮುನ್ನಿ ನನ್ನ ಹತ್ತಿರ ಬಂದು, "ಚಾಚೀ, ಗುಡ್ಡೇ ಗುಡಿಯಾ ಕೇ ಲಿಯೇ ಇತನಾ ಹಂಗಾಮಾ? ಬಾಜಾರ್ ಸೇ ಲೇ ಆತೇ" ಅಂತ ಗೊಣಗಿದಳು, ಬೊಂಬೆಗೆ ಇಷ್ಟು ರಂಪ ಯಾಕೆ, ಅಂಗಡಿಯಿಂದ ತಂದರಾಯಿತು ಅಂತ. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಅದೇ ದಿನಗಳಲ್ಲಿ ಅವರ ಕಾರ್ಖಾನೆಯ ಒಬ್ಬರು ಬಲಿಯಾ ಅನ್ನುವ ಊರಿನಲ್ಲಿದ್ದ ಮಗಳ ಮನೆಗೆ ಹೋಗಿಬಂದ ಸುದ್ದಿ ಹೇಳಿದರು. ಅಲ್ಲಿಯವರಲ್ಲಿ ತಂದೆಯಾದವನು ಮಗಳ ಮನೆಯ ನೀರೂ ಮುಟ್ಟುವುದಿಲ್ಲ. ಆ ಪುಣ್ಯಾತ್ಮ ತನ್ನ ಲೋಟದಲ್ಲಿ ತನ್ನ ನೀರು ಒಯ್ದು, ಜಗಲಿಯ ಮೇಲೆ ಕೂತು, ಮಗಳ ಮುಖ ನೋಡಿ ಹಾಗೇ ಬಂದನಂತೆ. ನಮ್ಮಲ್ಲಿ ಹಾಗಿಲ್ಲ ಅಂತ ಅಣ್ಣಾರು ನಕ್ಕರು. ಆಮೇಲೆ, "ಹಂಗ ಸುಮ್ಮನ ಕೂತ್ ಬರೂದು ಅಂದ್ರ..." ಅಂದವರು ಸೈಕಲ್ಲು ಹತ್ತಿ ಎಲ್ಲಿಗೋ ಹೋದರು.

ಮೂರನೆಯ ಜೋಡಿ ಕೆತ್ತುವಷ್ಟರಲ್ಲಿ ಪುಷ್ಯದ ಚಳಿ ಕುಗ್ಗತೊಡಗಿತ್ತು. ಈ ಸಲ ಅವರು ಟ್ರಂಕಿನ ತಳದಿಂದ ಒಂದು ಡಬ್ಬಿ ತೆಗೆದರು. ಜೊತೆಯವರೊಬ್ಬರು ಪರದೇಶಕ್ಕೆ ತರಬೇತಿಗೆ ಹೋದಾಗ ತಂದುಕೊಟ್ಟದ್ದು. ತಲೆ ಒತ್ತಿದರೆ ತಾನೇ ಅಸ್ತರ್ ಹೊಡೆಯುವ ಡಬ್ಬಿ, ಬೂದಿ ಬಣ್ಣದ್ದೇ. ಎಷ್ಟೋ ವರ್ಷದಿಂದ ಒತ್ತದೆ ಇಟ್ಟಿದ್ದರು. ಅವರು ಜನ್ಮದಲ್ಲಿ ತಡೆದುಕೊಂಡ ವಸ್ತು ಅದೊಂದೇ ಅಂತ ಅಕ್ಕ ಅಂದರು. ಬಿಸಿನೀರಿನಲ್ಲಿ ಡಬ್ಬಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿದರು, ಕುದಿಯುವ ನೀರಲ್ಲ, ಕೈ ತಾಳುವಷ್ಟು. ಆಮೇಲೆ ಅಲ್ಲಾಡಿಸಬೇಕು. ಒಳಗೊಂದು ಗುಂಡು ಇರುತ್ತದೆ, ಕಟಕಟ ಅನ್ನುತ್ತದೆ, ಅಸ್ತರ್ ಚೆನ್ನಾಗಿ ಕೂಡುವ ತನಕ ಅಲ್ಲಾಡಿಸುತ್ತಲೇ ಇರಬೇಕು. ಅಬ್ಬಾ, ಆ ಕೆಲಸ ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು! ಮಾಳಿಗೆಯ ತುಂಬ ಕಟಕಟ ಅನ್ನಿಸುತ್ತ ತಿರುಗಿದರು. ಪಕ್ಕದ ಮಾಳಿಗೆಯ ಮಂಗಗಳು ಹೆದರಿ ಓಡಿದವು.

ಹೊಡೆದದ್ದು ಮಾತ್ರ, ಇವರೇನಾ ಅನ್ನಿಸುವ ಹಾಗೆ. ಬಿಸಿಲು ಹದವಾಗಿತ್ತು, ಹೊಗೆ ನದಿಯ ಕಡೆಗಿತ್ತು. ಮೊದಲು ಗೊಂಬೆ ತಲೆಕೆಳಗು ಮಾಡಿ ಗದ್ದದ ಅಡಿ, ತೋಳಿನ ಸಂದು. ಆಮೇಲೆ ನೆಟ್ಟಗೆ. ಒಂದೊಂದು ಸಲಕ್ಕೂ ಉಸಿರು ಹಿಡಿದು ಒಂದೇ ಬೀಸು. ನಾನು, ಅಕ್ಕ, ಮುನ್ನಿ ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಮುಗಿದದ್ದೇ ತಡ ಅಕ್ಕ ಮುಂದೆ ಹೋಗಿ ಕೋಲು ಸಮೇತ ಜೋಡಿಯನ್ನು ಕಸಿದುಕೊಂಡು ನನ್ನ ಕೈಗೆ ಕೊಟ್ಟರು. "ಇದು ನಮ್ಮನೇಲಿ ಇರೋದು ಬೇಡ. ನಿಮ್ಮ ಜಾಲಿ ಬೀರುವಿನಲ್ಲಿಟ್ಟು ಬೀಗ ಹಾಕ್ಕೊಳ್ಳಿ. ಇವರು ಕಾಲಿಗೆ ಬಿದ್ರೂ ಕೊಡಬೇಡಿ."

ಹಾಲು ಮೊಸರು ಇಡುವ ಜಾಲಿ ಬೀರು ಅದು. ಗಾಳಿ ಆಡುತ್ತದೆ, ಧೂಳು ಕೂರುವುದಿಲ್ಲ. ಹಾಲು ಮೊಸರನ್ನು ಹೊರಗೆ ಇಟ್ಟೆ. ಆದರೂ ನಮ್ಮವರು ಕಾಫಿ ಕುಡಿಯುತ್ತ, "ಇದೇನು ವಾಸನೆ, ಹೊಸ ಬಸ್ಸಿನಲ್ಲಿ ಕೂತ ಹಾಗಿದೆಯಲ್ಲ" ಅಂದರು. ಅಣ್ಣಾರು ಬರುವುದು ಶುರುವಾಯಿತು. "ತಂಗೆವ್ವ, ಬರೇ ನೋಡಿ ಹೋಗತೀನಿ." ನೋಡಿ, ಜಾಲಿಯಿಂದ, ಅನ್ನುವೆ ನಾನು. "ಬಾಗಲಾ ತಗದ್ರ ಲಗೂ ಒಣಗತೈತಿ." ಮುಚ್ಚಿದ್ದರೂ ಒಣಗುತ್ತದೆ. "ಸಕ್ಕರಿ ಐತೇನು?" ಸಕ್ಕರೆ ಆ ಬೀರುವಿನಲ್ಲಿಲ್ಲ. ಒಂದು ದಿನದಲ್ಲಿ ಎಷ್ಟು ಸಲ ಬಂದರೋ ಲೆಕ್ಕವಿಲ್ಲ. ನಾನು ಲಟ್ಟಣಿಗೆ ತೋರಿಸಿ ಓಡಿಸುತ್ತಿದ್ದೆ.

ಎರಡು ಮೂರು ದಿನ ಕಳೆದ ಮೇಲೆ ನಾನೇ ಮೂಗಿಟ್ಟು ನೋಡಿದೆ. ವಾಸನೆ ಹೋಗಿತ್ತು. ಬೂದಿ ಬಣ್ಣದಲ್ಲಿ ರಾಣಿಯ ನತ್ತು, ರಾಜನ ಮೀಸೆಯ ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ಸಂಭ್ರಮದಿಂದ ಕರೆದೆ, "ಅಣ್ಣಾರೆ, ಒಣಗಿದೆ! ತಗೊಂಡು ಹೋಗಿ, ಬಣ್ಣ ಹಚ್ಚಿ." ಹಾರಿ ಬರುತ್ತಾರೆ ಅಂದುಕೊಂಡರೆ ನಿಧಾನ ಬಂದರು. ಬಗ್ಗಿ ಮೂಸಿದರು. "ಇಲ್ಲವ್ವ. ಇನ್ನೂ ವಾಸನಿ ಐತಿ."

ನಾನು ಮತ್ತೆ ಮೂಸಿದೆ. ನಮ್ಮವರನ್ನು ಕರೆದು ಮೂಸಿಸಿದೆ. "ನಂಗೇನೂ ಬರ್ತಿಲ್ಲಪ್ಪ" ಅಂದರು. "ಬ್ಯಾಂಕಿನವರ ಮೂಗಿಗೆ ನೋಟಿನ ವಾಸನಿ ಬಿಟ್ರ ಮತ್ತೇನು ತಿಳೀತೈತ್ರಿ?" ಅಂತ ಅಣ್ಣಾರು ಹೊರಟೇಹೋದರು. ಮಾರನೆಯ ದಿನವೂ ಅದೇ, ಇನ್ನೂ ಹಸಿ. ಅದರ ಮಾರನೆಯ ದಿನ, ಥಂಡಿ ಐತಿ, ತಡಾ ಆಗತೈತಿ. ಮದುವೆಯ ಉಳಿದ ಕೆಲಸಕ್ಕೆಲ್ಲ ಅದೇ ಓಟ, ಅದೇ ಹಾರಾಟ. ಚಪ್ಪರದವನನ್ನು ಬೈದರು, ಹೂವಿನವನನ್ನು ಹಿಡಿದು ತಂದರು, ಬೀಗರು ಇಳಿಯುವ ಕೋಣೆಯ ಕಸ ತಾವೇ ಗುಡಿಸಿದರು. ನನ್ನ ಅಡಿಗೆಮನೆಯ ಹೊಸಿಲು ದಾಟಿದರೆ ಮಾತ್ರ ಕಾಲು ಎಳೆದುಕೊಂಡು ಬರುವರು. ನನಗೆ ತಲೆಬುಡ ತಿಳಿಯಲಿಲ್ಲ. ಸಿಟ್ಟೂ ಬರುತ್ತಿತ್ತು, ದಿಗಿಲೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಮುನ್ನಿ ಬಂದು ಬೀರು ತೆಗೆಸಿದಳು. ರಾಣಿಯನ್ನು ಎತ್ತಿ ಗಲ್ಲದ ಮೇಲೆ ಬೆರಳಾಡಿಸಿದಳು. "ಚಾಚೀ, ಯೇ ತೋ ಕಬ್ ಕಾ ಸೂಖ್ ಗಯಾ" ಅಂದಳು, ಇದು ಯಾವಾಗಲೋ ಒಣಗಿದೆಯಲ್ಲ ಅಂತ. "ನಿಮ್ಮಪ್ಪನ್ನ ಕೇಳು" ಅಂದೆ. ಅವಳು ಕೇಳಲಿಲ್ಲ. ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ನಿಂತು, ಆಮೇಲೆ ಇದ್ದಲ್ಲೇ ಇಟ್ಟು, ಜಾಲಿ ಬಾಗಿಲು ಸದ್ದಾಗದ ಹಾಗೆ ಮುಚ್ಚಿದಳು.

ಲಗ್ನದ ಹಿಂದಿನ ದಿನ ಬೆಳಿಗ್ಗೆ ಅಕ್ಕ ನನ್ನ ಅಡಿಗೆಮನೆಗೆ ಬಂದು, ಬೀಗ ತೆಗೆಸಿ, ಗಂಡನನ್ನು ಕೂಗಿ ಕರೆದರು. "ಇವತ್ತು ಹಚ್ಚದಿದ್ರೆ ಇನ್ಯಾವಾಗ್ರೀ?"

"ಒಣಗಿಲ್ಲ" ಅಂದರು ಇವರು.

"ಬಣ್ಣ ಹಚ್ಚಿದ್ರೆ ಅವಳು ಹೊರಟುಹೋಗ್ತಾಳೆ ಅಂತ ತಾನೆ? ಹಚ್ಚದೇ ಇದ್ರೂ ಹೋಗ್ತಾಳೆ ಕಣ್ರೀ."

ಅಣ್ಣಾರು ಜಾಲಿ ಬಾಗಿಲನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. "ಹೋಗೂದು ಹೋಗೇ ಹೋಗತಾಳ. ಅದು ನನಗ ಗೊತ್ತಿಲ್ಲೇನು? ಬಣ್ಣಾ ಹಚ್ಚಿ ಕೈಯಾಗ ಕೊಟ್ಟೆ ಅಂದ್ರ ಮುಗೀತು. ಆಮ್ಯಾಲ ಆ ಮನಿಗೆ ನಾ ಏನಂತ ಹೋಗಲಿ?"

"ಮಗಳನ್ನ ನೋಡೋಕೆ ಅಂತ ಹೋಗಿ. ಯಾರು ಬೇಡ ಅಂತಾರೆ?"

"ಬರೇ ನೋಡಾಕ? ಕುರ್ಚಿ ಹಾಕಿ ಕೂಡಸ್ತಾರ. ಉಪ್ಪಿಟ್ಟು ಕೊಡತಾರ. ನನಗ ಕೂಡಾಕ ಬರೂದಿಲ್ಲ, ನಿನಗ ಗೊತ್ತಿಲ್ಲೇನ? ಏನರ ಕೆಲಸಾ ಬೇಕು ನನಗ, ಅಲ್ಲಿ."

ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅಕ್ಕ ನನ್ನ ಅರಿಶಿನ ಕುಂಕುಮದ ಭರಣಿ ತೆಗೆದುಕೊಂಡರು. ಬೂದಿ ಬಣ್ಣದ ರಾಣಿಯ ಎರಡು ಗಲ್ಲಕ್ಕೂ ಅರಿಶಿನ, ಹಣೆಗೆ ಕುಂಕುಮ. ರಾಜನ ಹಣೆಗೂ ಒಂದು ತಿಲಕ. "ಅರಿಶಿನ ಕುಂಕುಮ ಬಿದ್ದ ಮೇಲೆ ಬೂದಿ ಬಣ್ಣ ಅಶುಭ ಅನ್ನೋಕೆ ಯಾರಿಗೂ ಬಾಯಿಲ್ಲ. ಹೀಗೇ ಹೋಗಲಿ. ಬೀಗಿತ್ತಿ ಕೇಳಿದ್ರೆ ನಾನು ಹೇಳ್ಕೋತೀನಿ" ಅಂದರು.

ಮದುವೆ ಚೆನ್ನಾಗಿ ಆಯಿತು. ಮಂಟಪದಲ್ಲಿ ಅಣ್ಣಾರು ಪುರೋಹಿತರಿಗೆ ಮೂರು ಸಲ "ಆತೇನು?" ಅಂದದ್ದು ಬಿಟ್ಟರೆ ಯಾವ ವಿಘ್ನವೂ ಇಲ್ಲ. ಮಾರನೆಯ ದಿನ ದಿಬ್ಬಣವನ್ನು ಕಳಿಸಲು ಕಂಟೋನ್ಮೆಂಟ್ ಸ್ಟೇಷನ್ನಿಗೆ ನಾವೂ ಹೋದೆವು. ಮುನ್ನಿ ಕಿಟಕಿಯ ಪಕ್ಕ ಕೂತಿದ್ದಳು, ಮಡಿಲಲ್ಲಿ ಬಿಳಿಯ ಬಟ್ಟೆ ಸುತ್ತಿದ ಜೋಡಿ. ಅಣ್ಣಾರು ರೈಲು ಡಬ್ಬಿಯ ಆ ತುದಿಯಿಂದ ಈ ತುದಿಗೆ ತಿರುಗುತ್ತ, ಕಿಟಕಿಯ ಹತ್ತಿರ ಬಂದಾಗಲೆಲ್ಲ ಅಳಿಯನಿಗೆ ಒಂದೊಂದು ಮಾತು. ಬಿಸಿಲಿಗೆ ಇಡಬ್ಯಾಡ್ರಿ. ಕೈ ಹಚ್ಚಬ್ಯಾಡ್ರಿ. ಬಣ್ಣಾ ನಾನ ಬಂದು ಹಚ್ಚತೀನಿ.

ಅಳಿಯ ಒಳ್ಳೆಯವನು, ಸಾಧು. ಮಾವನಿಗೆ ತೊಂದರೆ ಯಾಕೆ ಅಂತ ಪಾಪ ಅವನ ಯೋಚನೆ. "ಅಷ್ಟು ದೂರದಿಂದ ನೀವ್ಯಾಕೆ ಬರಬೇಕು ಮಾವ? ನಮ್ಮೂರಲ್ಲೇ ಒಳ್ಳೇ ಕೈಯವರಿದ್ದಾರೆ. ನಾಳಿದ್ದು ಇಳಿದ ಕೂಡಲೇ ಕೊಟ್ರೆ ಒಂದೇ ದಿನದಲ್ಲಿ ಹಚ್ಚಿಕೊಡ್ತಾರೆ" ಅಂದ.

ಅಣ್ಣಾರು ಕಿಟಕಿಯ ಸರಳು ಹಿಡಿದುಕೊಂಡು ಹಾಗೇ ನಿಂತರು. ಅಷ್ಟರಲ್ಲಿ ರೈಲು ಕೂಗಿತು. ಮುನ್ನಿ ಮಡಿಲಿನ ಗಂಟನ್ನು ಎದೆಗೆ ಒತ್ತಿಕೊಂಡು, ಗಂಡನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ಅಚ್ಚ ಹುಬ್ಬಳ್ಳಿಯ ಕನ್ನಡದಲ್ಲಿ ಅಂದಳು: "ಯಾರಿಗೂ ಕೊಡೂದು ಬ್ಯಾಡ. ಅಪ್ಪಾನ ಬರಬೇಕು. ಅಲ್ಲೀತನಕ ಹಿಂಗ ಇರತಾವ."

ರೈಲು ಹೊರಟಿತು. ಅಣ್ಣಾರು ಅದರ ಜೊತೆ ಸ್ವಲ್ಪ ದೂರ ಓಡಿದರು, ಪ್ಲಾಟ್‌ಫಾರಂ ಮುಗಿಯುವ ತನಕ. ಕೊನೆಯ ಡಬ್ಬಿ ದಾಟಿದ ಮೇಲೆ ಏದುಸಿರು ಬಿಡುತ್ತ ನಮ್ಮ ಹತ್ತಿರ ಬಂದರು. ಮುಖವೆಲ್ಲ ಒದ್ದೆ, ಒರೆಸಿಕೊಳ್ಳಲೂ ಇಲ್ಲ.

"ಅಲ್ಲಾ, ನಾಳೆ ಹೊಂಟ್ರ ಹೆಂಗ?" ಅಂತ ಅಕ್ಕನನ್ನು ಕೇಳಿದರು.

"ರೈಲು ಇನ್ನೂ ಊರು ದಾಟಿಲ್ಲಾರೀ" ಅಂದರು ಅಕ್ಕ.